ತೇಲುವ ಅಕ್ಕ, ಮುಳುಗುವ ತಮ್ಮ

ಬೇಸಗೆಯ ರಜೆಯಲ್ಲಿ ಹಳ್ಳಿಯ ಬಾವಿಯೊಂದರಲ್ಲಿ ಈಜು ಕಲಿಯುತ್ತಿದ್ದ ಅಕ್ಕತಮ್ಮಂದಿರನ್ನು ನಾವು ಕೆಲವು ವಾರ ನೋಡಿದೆವು. ಇಬ್ಬರ ಬೆನ್ನಿಗೂ ಒಣಗಿದ ಸೋರೆಬುರುಡೆ. ವಾರದೊಳಗೆ ಅಕ್ಕನು ಬುರುಡೆಯನ್ನು ಬಿಚ್ಚಿಟ್ಟಳು. ತಮ್ಮನು ಅದಿಲ್ಲದೆ ನೀರಿಗಿಳಿಯಲೊಲ್ಲನು. ದಡದಲ್ಲಿದ್ದವರು ಅವನನ್ನು ಪುಕ್ಕಲನೆಂದು ಹಾಸ್ಯಮಾಡಿದರು. ಇದು ನ್ಯಾಯವೆ?

ಆರ್ಕಿಮಿಡೀಸನ ತತ್ತ್ವವನ್ನು ನೆನೆಯೋಣ. ನೀರಿನಲ್ಲಿರುವ ವಸ್ತುವನ್ನು, ಅದು ಪಲ್ಲಟಿಸಿದ ನೀರಿನ ತೂಕಕ್ಕೆ ಸಮನಾದ ಬಲವು ಮೇಲಕ್ಕೊತ್ತುತ್ತದೆ. ನಮ್ಮ ದೇಹದ ಸಾಂದ್ರತೆ ನೀರಿನದಕ್ಕೆ ತೀರ ಸಮೀಪ. ಕೊಬ್ಬು ನೀರಿಗಿಂತ ಹಗುರ. ಮಾಂಸಖಂಡ, ಮೂಳೆಗಳು ಭಾರ. ಆದುದರಿಂದ ಮೈದುಂಬಿದ ಅಕ್ಕನಿಗೆ ತೇಲುವುದು ಸುಲಭ, ಬಡಕಲು ತಮ್ಮನಿಗೆ ಕಷ್ಟ.

ಉಸಿರಿನ ಪಾತ್ರವೂ ದೊಡ್ಡದು. 1 ಲೀಟರು ಗಾಳಿಯ ತೂಕ ಒಂದು ಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. ಅದನ್ನೆಳೆದುಕೊಂಡು ಎದೆ ಹಿಗ್ಗಿದಾಗ ದೇಹವು ಇನ್ನೂ 1 ಕಿಲೋಗ್ರಾಂ ನೀರನ್ನು ಪಲ್ಲಟಿಸಬಲ್ಲುದು. ಹೆದರಿದ ಹುಡುಗನಾದರೋ ಕೂಗಿ ಉಸಿರನ್ನು ಹೊರಬಿಡುತ್ತಾನೆ. ತಲೆಯನ್ನೂ ಕೈಗಳನ್ನೂ ಮೇಲೆತ್ತುತ್ತಾನೆ. ನೀರಿನಿಂದ ಹೊರಬಂದ ಅಂಗಗಳು ನೀರನ್ನು ಪಲ್ಲಟಿಸವು. ಅವುಗಳ ಭಾರವನ್ನೂ ಉಳಿದ ದೇಹವೇ ಹೊರಬೇಕು. ಹೀಗೆ ಭಯವು ಮುಳುಗಿಸುತ್ತದೆ. ಮುಳುಗಿದಷ್ಟೂ ಭಯ ಹೆಚ್ಚುತ್ತದೆ. ಗದರಿಕೆಯಿಂದ ಈ ಸುತ್ತು ಕಡಿಯದು.

ಮಕ್ಕಳ ಸೋದರಮಾವನು ಹುಡುಗನ ಬುರುಡೆ ಬಿಚ್ಚಿ, ಬೆನ್ನಡಿಯಲ್ಲಿ ಅಂಗೈಯಿಟ್ಟು, ಎದೆತುಂಬ ಉಸಿರೆಳೆದು ಅಂಗಾತ ಮಲಗುವುದನ್ನು ಕಲಿಸಿದನು. ದಿನದಿನಕ್ಕೆ ಅಂಗೈಯ ಆಸರೆ ಕಡಮೆಯಾಯಿತು. ಮೂರನೆಯ ವಾರದಲ್ಲಿ ತಮ್ಮನೂ ತಾನಾಗಿ ತೇಲಿದನು. ವಾಚಕರು ಇದನ್ನು ಪರೀಕ್ಷಿಸುವುದಾದರೆ, ಈಜುಬಲ್ಲ ಹಿರಿಯರು ಪಕ್ಕದಲ್ಲಿರಲೇಬೇಕು.

ನೀರಿನ ನಿಯಮ ಇಬ್ಬರಿಗೂ ಒಂದೇ. ದೇಹಗಳು ಬೇರೆ, ಆದುದರಿಂದ ಕಲಿಯುವ ಕಾಲವೂ ಬೇರೆ.