ಬಾಟಲಿ ಸಂಖ್ಯೆ 53ಎನ್

ಪುಟ್ಟೀ, ಸೋಮವಾರದಿಂದ ಲ್ಯಾಬಿಗೆ ಹೋಗ್ತೀಯಂತೆ, ನಿಮ್ಮಮ್ಮ ಹೇಳಿದಳು. ಹೋಗೋ ಮುಂಚೆ ತಾತನ ಒಂದು ಮಾತು ಕೇಳಿಸಿಕೋ.

ನಮ್ಮಜ್ಜಿ ಪ್ಲೇಗು ಕಂಡವಳು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರಿಗೂರೇ ಬಾಗಿಲು ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿತ್ತಂತೆ. ಆ ಹಾಳು ಜಾಡ್ಯ ಬೆಂಗಳೂರಿಗೆ ಬಂದದ್ದು 1898ರಲ್ಲಿ.

ಅದಕ್ಕೆ ಲಸಿಕೆ ಕಂಡುಹಿಡಿದವರು ಒಡೆಸ್ಸಾದಲ್ಲಿ ಹುಟ್ಟಿದ ಹಾಫ್‌ಕಿನ್. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಸಣ್ಣ ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು, ಅಷ್ಟರಲ್ಲೇ ಮಾಡಿದರು. 1897ರ ಜನವರಿ 10ರಂದು ಮೊದಲ ಸೂಜಿ ತಮಗೇ ಚುಚ್ಚಿಸಿಕೊಂಡರು. ಇದನ್ನು ನಿನ್ನ ಪುಸ್ತಕಗಳೂ ಹೇಳುತ್ತವೆ. ಆಮೇಲಿನದು ಕೇಳು.

1902ರ ಅಕ್ಟೋಬರ್, ಪಂಜಾಬಿನ ಮುಲ್ಕೋವಾಲ್. ಅಂದು ಸೂಜಿ ಹಾಕಿಸಿಕೊಂಡವರು 107 ಮಂದಿ. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನಕ್ಕೆ ಮದ್ದು ಹೋದದ್ದು ಒಂದೇ ಬಾಟಲಿಯಿಂದ, ಸಂಖ್ಯೆ 53ಎನ್. ಲ್ಯಾಬಿನಲ್ಲೇ ಕೊಳೆ ಸೇರಿದೆ ಎಂದು ಹಾಫ್‌ಕಿನ್ ತಲೆಗೆ ಕಟ್ಟಿ, ಕೆಲಸದಿಂದ ದೂರವಿಟ್ಟರು. ಆದರೆ ಆ ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಗೆ ಹಿಡಿಯದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ, ಅದರಿಂದಲೇ ಬಿರಡೆ ಕಿತ್ತಿದ್ದ. ಧನುರ್ವಾಯುವಿನ ಬೀಜ ಇರುವುದೇ ಮಣ್ಣಿನಲ್ಲಿ ಕಣೇ. ಮಲೇರಿಯಾದ ಸೊಳ್ಳೆ ಹಿಡಿದ ರೊನಾಲ್ಡ್ ರಾಸ್ ಪತ್ರಿಕೆಯಲ್ಲಿ ಬರೆದು ಜಗಳವಾಡಿದ ಮೇಲೆ, 1907ರಲ್ಲಿ ಹಾಫ್‌ಕಿನ್ ಮೇಲಿನ ಕಳಂಕ ಕಳೆಯಿತು. ಕಲ್ಕತ್ತೆಗೆ ಬಂದರು ನಿಜ, ಆದರೆ ಮುಂಬಯಿಯ ಆ ಲ್ಯಾಬು ಮತ್ತೆ ಕೈಗೆ ಬರಲಿಲ್ಲ. ನನಗಂತೂ ಈ ಅನ್ಯಾಯ ಇವತ್ತಿಗೂ ಜೀರ್ಣವಾಗಿಲ್ಲ.

ನಾನೂ ಸಾಚಾ ಏನಲ್ಲ. ಲ್ಯಾಬಿಗೆ ಸೇರಿದ ಹೊಸತರಲ್ಲಿ, ಊಟದ ಹೊತ್ತಾಯಿತೆಂದು ಎರಡು ರಕ್ತದ ಟ್ಯೂಬಿಗೆ ಹೆಸರು ಬರೆಯದೆ ಎದ್ದು ಹೋದೆ. ಬಂದು ನೋಡಿದರೆ ಯಾವುದು ಯಾರದೆಂದು ತಿಳಿಯದು. ಊಹೆಯ ಮೇಲೆ ಬರೆದುಬಿಡೋಣ ಅನ್ನಿಸಿತ್ತು, ಸುಳ್ಳು ಹೇಳೋದಿಲ್ಲ. ಕೊನೆಗೆ ದೊಡ್ಡ ಡಾಕ್ಟರ ಮುಂದೆ ನಿಂತು ಒಪ್ಪಿಕೊಂಡೆ. ಬೈಗುಳ ಬಿತ್ತು. ಇಬ್ಬರಿಗೂ ಮತ್ತೆ ಸೂಜಿ ಚುಚ್ಚಿದೆವು. ಅವರಲ್ಲೊಂದು ಮಗುವಿತ್ತು, ಅದರ ಅಳು ಇನ್ನೂ ಕಿವಿಯಲ್ಲಿದೆ.

ನಿನ್ನ ಕೈಯಿಂದಲೂ ಚಿಮುಟ ಬೀಳುತ್ತದೆ, ಬೀಳಲಿ. ಬಿತ್ತು ಅಂತ ಗಟ್ಟಿಯಾಗಿ ಹೇಳು, ಬೇರೆ ತಗೋ, ರಿಜಿಸ್ಟರಿನಲ್ಲಿ ಬರೆದಿಡು. ಮೇಜಿನ ಮೇಲೆ ಎರಡು ಮಾರ್ಕರ್ ಪೆನ್ನು ತಂದಿಟ್ಟಿದ್ದೇನೆ, ಬ್ಯಾಗಿಗೆ ಹಾಕಿಕೋ.