ಗೋದಾವರಿ ಕಣಿವೆಯ ದ್ರಾಕ್ಷಿತೋಟದಲ್ಲಿ ನಾವು ಕಲಿತ ಪಾಠ

ಮುಂಬಯಿಯಲ್ಲಿ ‘ವೈನ್ ಶಾಪ್’ ಎಂದರೆ ವಿಸ್ಕಿ, ರಮ್, ಬಿಯರ್ ಸಿಗುವ ಅಂಗಡಿ. ನಿಜವಾದ ವೈನ್ ಅಲ್ಲೆಲ್ಲೋ ಮೂಲೆಯಲ್ಲಿ ಧೂಳು ಹಿಡಿದು ನಿಂತಿರುತ್ತದೆ. ಉಪನಗರದ ನಮ್ಮ ಪರ್ಮಿಟ್ ರೂಮಿನ ಕಥೆಯೂ ಇದೇ ಆಗಿತ್ತು. ಏಳೆಂಟು ಬಾಟಲಿ ರೆಡ್ ವೈನನ್ನು ಗಲ್ಲಾದ ಹಿಂದಿನ ಶೋಕೇಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಚೆಂದಕ್ಕೆ ಸಾಲಾಗಿ ನಿಲ್ಲಿಸಿದ್ದೆವು. ಆ ಗೋಡೆಯ ಆಚೆ ಬದಿಗೇ ತಂದೂರ್ ಭಟ್ಟಿ.

ಒಂದು ರಾತ್ರಿ ಹತ್ತು ವರ್ಷದ ಹಳೆಯ ಗಿರಾಕಿ ಕುಟುಂಬವೊಂದು ಮದುವೆಯ ಬೆಳ್ಳಿಹಬ್ಬಕ್ಕೆ ಬಂದು ವೈನ್ ತರಿಸಿತು. ಒಂದು ಗುಟುಕು ಕುಡಿದ ಯಜಮಾನರು ಹುಳಿಯಾಗಿದೆ ಎಂದರು. ವೈನ್ ಇರುವುದೇ ಹಾಗೆ ಎಂದು ನಮ್ಮ ಕ್ಯಾಪ್ಟನ್ ವಾದಿಸಿದ. ಮಾತಿಗೆ ಮಾತು ಬೆಳೆಯಿತು, ಅವರು ಊಟ ಮಾಡದೆ ಎದ್ದು ಹೋದರು. ಬಾಟಲಿಯ ಹಣವನ್ನು ನಾವು ಕ್ಯಾಪ್ಟನ್‌ನ ಪಗಾರದಿಂದ ಕಡಿದೆವು. ಹದಿನಾರನೇ ವಯಸ್ಸಿಗೆ ಕುಂದಾಪುರದಿಂದ ಬಂದು, ನಮ್ಮಲ್ಲಿಯೇ ಬೆಳೆದ ಹುಡುಗ ಅವನು. ಏನೂ ಮಾತಾಡಲಿಲ್ಲ.

ಮಾರುವ ವಸ್ತುವಿನ ವಿಷಯ ನಮಗೇ ತಿಳಿಯದಿದ್ದರೆ ಹೇಗೆ ಎಂದು ಕಳೆದ ಫೆಬ್ರವರಿಯಲ್ಲಿ ನಾಸಿಕಕ್ಕೆ ಹೊರಟೆವು. ನಾವು, ತಮ್ಮ, ಬಾರ್‌ಮನ್ ಮತ್ತು ಅದೇ ಕ್ಯಾಪ್ಟನ್.

ಮುಂಬಯಿಯಿಂದ ನಾಸಿಕ ಸುಮಾರು 170 ಕಿ.ಮೀ. ಕಸಾರಾ ಘಾಟಿ ಹತ್ತಿ ಇಗತಪುರಿ ದಾಟಿದರೆ ಗಾಳಿಯೇ ಬೇರೆ. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಗೆ ನಾಸಿಕ ಪಟ್ಟಣಕ್ಕಿಂತ ಮೇಲೆ ಗಂಗಾಪುರ ಅಣೆಕಟ್ಟು ಕಟ್ಟಿದ್ದಾರೆ. ಅದರ ಹಿನ್ನೀರು, ಸುತ್ತ ಬೋಳು ಗುಡ್ಡ, ನಡುವೆ ತಂತಿಗೆ ಹಬ್ಬಿಸಿದ ದ್ರಾಕ್ಷಿಬಳ್ಳಿಯ ಸಾಲುಗಳು. ಇಷ್ಟು ವರ್ಷ ನಾಸಿಕ ಎಂದರೆ ನಮಗೆ ರಾಮಕುಂಡ, ಪಂಚವಟಿ ಮತ್ತು ಈರುಳ್ಳಿ ದರ ಮಾತ್ರ!

ಅಮೆರಿಕದ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ ಇಲ್ಲಿ 1997ರಲ್ಲಿ ವೈನ್ ದ್ರಾಕ್ಷಿ ನೆಟ್ಟರು. ಸುಲಾ ಹೆಸರಿನ ಅವರ ಮೊದಲ ವೈನ್ 2000ದಲ್ಲಿ ಮಾರುಕಟ್ಟೆಗೆ ಬಂತು. 2001ರಲ್ಲಿ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣೆಗೆಂದೇ ನೀತಿ ತಂದ ಮೇಲೆ ಸುತ್ತ ಹಲವು ವೈನರಿಗಳು ಎದ್ದವು. ಇದಕ್ಕೂ ಮೊದಲು, 1980ರ ದಶಕದಲ್ಲೇ, ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಈ ಉದ್ಯಮ ಶುರುವಾಗಿತ್ತು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ತೋಟ ಮಾಡಿತು. ಆ ಸಂಸ್ಥೆ 2012ರಲ್ಲಿ ನಾಸಿಕದ ಜಂಪಾ ಜೊತೆ ಸೇರಿಕೊಂಡಿತು.

ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ನಿದ್ದೆ ಹೋಗುತ್ತದೆ, ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ಅದಕ್ಕೇ ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಸವರುತ್ತಾರೆ. ಬೆಳೆ ಸಿಗುವುದು ಜನವರಿಯಿಂದ ಮಾರ್ಚ್‌ವರೆಗೆ. ನಾವು ಹೋದದ್ದು ಸರಿಯಾಗಿ ಕೊಯ್ಲಿನ ಕಾಲ. ಒಂದು ಹಣ್ಣು ತಿಂದು ನೋಡಿದೆವು: ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ, ಆದರೆ ಸಕ್ಕರೆಯಂಥ ಸಿಹಿ. ವಾಶಿ ಮಾರ್ಕೆಟಿಗೆ ಬರುವ ಬೀಜವಿಲ್ಲದ ದ್ರಾಕ್ಷಿಯ ಜಾತಿಯೇ ಬೇರೆ. ಒಂದು ಬಾಟಲಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಣ್ಣು ಬೇಕು.

ತಯಾರಿಕೆ ನಮ್ಮವರಿಗೆ ಬೇಗ ಅರ್ಥವಾಯಿತು, ದೋಸೆ ಹಿಟ್ಟು ಹುಳಿ ಬರಿಸುವವರಲ್ಲವೇ ನಾವು! ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಕಪ್ಪು ದ್ರಾಕ್ಷಿಯ ರಸಕ್ಕೂ ಹೆಚ್ಚಾಗಿ ಬಣ್ಣವಿರುವುದಿಲ್ಲ. ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು, ಮೊದಲೇ ಹಿಂಡಿ ರಸ ಬೇರೆ ಮಾಡಿದರೆ ಬಿಳಿ. ಹುದುಗುವಾಗ ಬಿಸಿಯೇರದಂತೆ ಸ್ಟೀಲ್ ಟ್ಯಾಂಕುಗಳಿಗೆ ತಣ್ಣೀರಿನ ಕವಚ ಹಾಕಿರುತ್ತಾರೆ. ಕಾಲಲ್ಲಿ ದ್ರಾಕ್ಷಿ ತುಳಿಯುವುದೆಲ್ಲ ಪ್ರವಾಸಿಗರ ಮೋಜಿಗೆ. ನಮ್ಮ ತಮ್ಮ ಅದಕ್ಕೂ ಇಳಿದ, ಹೋಗಲಿ ಬಿಡಿ.

ಆ ರಸ್ತೆಯ ಒಂದು ಸಣ್ಣ ವೈನರಿಯಲ್ಲಿ ರುಚಿ ತೋರಿಸುತ್ತಿದ್ದ ಹುಡುಗಿ, ನೀವು ಬಾಟಲಿ ಎಲ್ಲಿ ಇಡುತ್ತೀರಿ ಎಂದು ಕೇಳಿದಳು. ನಾವು ಶೋಕೇಸು, ಟ್ಯೂಬ್‌ಲೈಟು, ಭಟ್ಟಿ ಎಲ್ಲ ಹೇಳಿದೆವು. ಅವಳು ನಗಲಿಲ್ಲ. ಬಿರಡೆ ಹಾಕಿದ ಬಾಟಲಿ ತಿಂಗಳುಗಟ್ಟಲೆ ನಿಂತರೆ ಬಿರಡೆ ಒಣಗಿ ಕುಗ್ಗುತ್ತದೆ, ಗಾಳಿ ಒಳಗೆ ಹೋಗುತ್ತದೆ, ಅದರ ಮೇಲೆ ಬಿಸಿಯೂ ಬೆಳಕೂ ಸೇರಿದರೆ ಒಳ್ಳೆಯ ವೈನೂ ಉಳಿಯುವುದಿಲ್ಲ ಎಂದಳು. ಬೆಳಗ್ಗಿನ ಸಿಹಿ ಕಳ್ಳು ಸಂಜೆಗೆ ಏನಾಗುತ್ತದೆ ಎಂದು ಕರಾವಳಿಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ಯಾಪ್ಟನ್ ನಮ್ಮ ಮುಖ ನೋಡಿ, “ಅಣ್ಣ, ಆವತ್ತು ಅವರು ಹೇಳಿದ್ದು ಸರಿ ಇತ್ತು” ಎಂದ. ತನ್ನ ಹಣದ ಮಾತು ಎತ್ತಲಿಲ್ಲ. ವಾದಿಸಿದ್ದು ಅವನ ತಪ್ಪು, ಆದರೆ ಬಾಟಲಿ ಕೆಡಿಸಿದವರು ನಾವು. ಮರಳಿ ಬಂದ ದಿನವೇ ಆ ಹಣ ಕೊಟ್ಟೆವು. ಗಿರಾಕಿಯ ಮನೆಗೂ ಫೋನ್ ಮಾಡಿದೆವು. ಬರುತ್ತೇವೆ ಎಂದಿದ್ದಾರೆ, ಇನ್ನೂ ಬಂದಿಲ್ಲ.

ಈಗ ಶೋಕೇಸಿನಲ್ಲಿರುವುದು ಖಾಲಿ ಬಾಟಲಿಗಳು. ತುಂಬಿದವು ಅಡುಗೆಮನೆಯಿಂದ ದೂರದ ಸಣ್ಣ ಕೂಲರಿನಲ್ಲಿ, 14 ಡಿಗ್ರಿಯಲ್ಲಿ, ಅಡ್ಡಲಾಗಿ ಮಲಗಿವೆ. ತಿರುಪು ಮುಚ್ಚಳದವು ನಿಂತರೂ ನಡೆಯುತ್ತದೆ, ಆದರೆ ಬಿಸಿ ಅವಕ್ಕೂ ಆಗದು. ರೆಡ್ ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕೊಡಬೇಕು ಎನ್ನುವುದು ಯುರೋಪಿನ ತಣ್ಣನೆಯ ಕೋಣೆಯ ಲೆಕ್ಕ, ಮುಂಬಯಿಯ 32 ಡಿಗ್ರಿಯದಲ್ಲ. ರೆಡ್ 16ರಿಂದ 18, ವೈಟ್ 8ರಿಂದ 10 ಡಿಗ್ರಿ ಸರಿ. ತೆರೆದ ಮೇಲೆ ಮೊದಲು ಸ್ವಲ್ಪವೇ ಸುರಿದು ತರಿಸಿದವರಿಗೆ ಕೊಡುವುದು ಶೋಕಿಗಲ್ಲ, ಕೆಟ್ಟಿದೆಯೇ ಎಂದು ನೋಡಲಿಕ್ಕೆ. ಬೇಡ ಎಂದರೆ ನಮ್ಮವರು ವಾದಿಸುವುದಿಲ್ಲ, ಬಾಟಲಿ ಒಳಗೆ ತಂದು ಮೂಸಿ ನೋಡುತ್ತಾರೆ.

ಗ್ಲಾಸ್ ಲೆಕ್ಕದಲ್ಲಿ ಮಾರುವವರು ಎಚ್ಚರ. 750 ಮಿ.ಲೀ. ಬಾಟಲಿಗೆ 150ರ ಐದು ಗ್ಲಾಸು. ಉದಾಹರಣೆಗೆ ಖರೀದಿ 700 ರೂ., ಗ್ಲಾಸಿಗೆ 300 ರೂ. ಎಂದಿಟ್ಟುಕೊಳ್ಳಿ. ಐದೂ ಹೋದರೆ 1,500 ಬರುತ್ತದೆ. ಎರಡೇ ಹೋಗಿ ಉಳಿದದ್ದು ಕೆಟ್ಟರೆ ಕೈಯಿಂದ 100 ಹೋಯಿತು. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ನಾವು ಮೂರು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ತೆರೆದ ತಾರೀಕು ಬಾಟಲಿಯ ಮೇಲೇ ಬರೆಯುತ್ತೇವೆ. ಗಿರಾಕಿ ಕಡಿಮೆಯಿದ್ದರೆ 375 ಮಿ.ಲೀ. ಬಾಟಲಿಯೇ ಲೇಸು.

ನಮ್ಮ ಅಡುಗೆಯ ಜೊತೆಗೂ ಪರೀಕ್ಷಿಸಿದೆವು. ಚಿಕನ್ ಘೀ ರೋಸ್ಟ್, ಬಂಗುಡೆ ಪುಳಿಮುಂಚಿಗೆ ಒಗರು ರೆಡ್ ಕೊಟ್ಟರೆ ಬ್ಯಾಡಗಿ ಮೆಣಸಿನ ಖಾರ ಇನ್ನೂ ಉರಿಯುತ್ತದೆ. ತುಸು ಸಿಹಿ ಇರುವ, ತಣ್ಣಗಿನ ಶೆನಿನ್ ಬ್ಲಾಂಕ್ ಚೆನ್ನಾಗಿ ಹೊಂದಿತು. ತಂದೂರಿ ಮಟನ್‌ಗೆ ಶಿರಾಜ್ ನಡೆದೀತು.

ಹೋಗುವವರು ಶನಿವಾರ, ಭಾನುವಾರ ಬಿಟ್ಟು ಹೋಗಿ. ವಾರದ ಕೊನೆಗೆ ಅರ್ಧ ಮುಂಬಯಿ ಅಲ್ಲಿರುತ್ತದೆ, ಮಾತಾಡಲು ಯಾರೂ ಸಿಗುವುದಿಲ್ಲ. ಡ್ರೈ ಡೇ ನೋಡಿಕೊಳ್ಳಿ. ಗಾಡಿ ಬಿಡುವವರು ರುಚಿ ನೋಡುವುದು ಬೇಡ, ಇಳಿಯುವಾಗ ಕಸಾರಾ ಘಾಟಿ ಇದೆ. ಮಾಲಕರು ಮಾತ್ರ ಹೋಗಿ ಬಂದರೆ ಪ್ರಯೋಜನ ಕಡಿಮೆ, ಬಾಟಲಿ ತೆರೆಯುವ ಹುಡುಗರನ್ನೂ ಕರೆದುಕೊಂಡು ಹೋಗಿ. ನಮ್ಮ ಉಳಿದ ಇಬ್ಬರು ವೇಟರುಗಳನ್ನು ಬರುವ ಕೊಯ್ಲಿಗೆ ಕ್ಯಾಪ್ಟನ್ನೇ ಕರೆದೊಯ್ಯಲಿದ್ದಾನೆ.