ವೈದ್ಯ ಸಹಾಯಕ ವಿದ್ಯೆಯೂ ಕಲಾ ಪದವೀಧರರೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ನಮ್ಮ ಮಸ್ಕಿಯಲ್ಲಿ ದೊರೆಯಿತೆಂಬುದು ಈ ಭಾಗದವರಿಗೆಲ್ಲ ಅಭಿಮಾನದ ಸಂಗತಿ. ಅದೇ ಅರಸನು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದನೆಂದೂ, ಔಷಧದ ಗಿಡಮೂಲಿಕೆಗಳಿಲ್ಲದ ಕಡೆಗಳಲ್ಲಿ ಅವನ್ನು ತರಿಸಿ ನೆಡಿಸಿದನೆಂದೂ ಅವನ ಇನ್ನೊಂದು ಬಂಡೆಶಾಸನ ತಿಳಿಸುತ್ತದೆ. ಇತಿಹಾಸದ ತರಗತಿಯಲ್ಲಿ ಇದನ್ನು ಓದಿದಾಗ ನನಗೊಂದು ಪ್ರಶ್ನೆ ಹುಟ್ಟಿತು. ಗಿಡಮೂಲಿಕೆಗಳನ್ನು ನೆಡಿಸಬಹುದು, ದವಾಖಾನೆಯನ್ನು ಕಟ್ಟಿಸಬಹುದು. ಆದರೆ ರೋಗಿಯ ಮಗ್ಗುಲಲ್ಲಿ ನಿಂತು ಅವನ ನೋವನ್ನು ಕೇಳುವ ಕೈಗಳನ್ನು ಎಲ್ಲಿಂದ ತರಬೇಕು?

ಇದು ವೈದ್ಯನೊಬ್ಬನಿಂದಲೇ ಆಗುವ ಕೆಲಸವಲ್ಲ. ವೈದ್ಯನ ಮೇಲ್ವಿಚಾರಣೆಯಲ್ಲಿ ರೋಗಿಯನ್ನು ಪರೀಕ್ಷಿಸಿ, ಚಿಕಿತ್ಸೆಯಲ್ಲಿ ನೆರವಾಗುವ ಒಂದು ಉದ್ಯೋಗವು ಕಳೆದ ಅರುವತ್ತು ವರ್ಷಗಳಲ್ಲಿ ಜಗತ್ತಿನಲ್ಲಿ ಬೆಳೆದು ಬಂದಿದೆ. ಅದನ್ನು ಫಿಜಿಷಿಯನ್ ಅಸಿಸ್ಟೆಂಟ್, ಅಂದರೆ ವೈದ್ಯ ಸಹಾಯಕ ಎನ್ನುವರು. ಆ ವಿದ್ಯೆಗೆ ಅರ್ಜಿ ಹಾಕುವ ಬಗೆ ಏನು, ನಮ್ಮಂಥ ಕಲಾ ವಿದ್ಯಾರ್ಥಿಗಳಿಗೆ ಅದರ ಬಾಗಿಲು ತೆರೆದಿದೆಯೆ, ಇಲ್ಲವಾದರೆ ಬೇರೆ ದಾರಿ ಉಂಟೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕುತೂಹಲಕ್ಕಾಗಿ ಮಾತ್ರ ನಾನು ಈ ವಿಷಯವನ್ನು ಆರಿಸಿಕೊಂಡಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಪ್ಪ ಅವ್ವ ಇಬ್ಬರೂ ಕಾಲುವೆ ನೀರಿನ ನೆಲ್ಲಿನ ಗದ್ದೆಗಳಲ್ಲಿ ಕೂಲಿ ಮಾಡುವವರು. ದವಾಖಾನೆಯ ಕೆಲಸಕ್ಕೆ ಸೇರಬೇಕೆಂಬ ಆಸೆ ನನಗೆ ಎಳವೆಯಿಂದಲೂ ಇದ್ದಿತು. ಆದರೆ ನಾನು ಓದಿದ ಪದವಿಪೂರ್ವ ಕಾಲೇಜಿನಲ್ಲಿ ಇದ್ದುದು ಕಲಾ ವಿಭಾಗವೊಂದೇ. ದೂರದ ಊರಿನಲ್ಲಿ ಇಟ್ಟು ವಿಜ್ಞಾನ ಓದಿಸುವ ಶಕ್ತಿ ಮನೆಯವರಿಗೆ ಇರಲಿಲ್ಲ. ನಮ್ಮ ತರಗತಿಯಲ್ಲಿ ಇಂಥವರು ಇನ್ನೂ ಹಲವರಿದ್ದಾರೆ. ಆದುದರಿಂದ ಈ ವಿಚಾರಣೆ ನನ್ನೊಬ್ಬಳದಲ್ಲ.

ಈ ಉದ್ಯೋಗದ ಹುಟ್ಟು

1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್ ಎಂಬ ವೈದ್ಯರು ಈ ಶಿಕ್ಷಣವನ್ನು ಆರಂಭಿಸಿದರು. ಮೊದಲು ಸೇರಿದವರು ನಾಲ್ವರು. ಅವರೆಲ್ಲರೂ ನೌಕಾಪಡೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿ ಬಂದವರು. ಕೈಯಲ್ಲಿ ಅನುಭವವಿದ್ದಿತು, ಆದರೆ ಊರಿಗೆ ಮರಳಿದ ಮೇಲೆ ಆ ಅನುಭವಕ್ಕೆ ತಕ್ಕ ಕೆಲಸವಿರಲಿಲ್ಲ. ಇತ್ತ ವೈದ್ಯರ ಕೊರತೆ, ಅತ್ತ ಅನುಭವಸ್ಥರ ನಿರುದ್ಯೋಗ. ಈ ಎರಡನ್ನೂ ಜೋಡಿಸಿದುದೇ ಸ್ಟೆಡ್ ಅವರ ಜಾಣ್ಮೆ. 1967ರಲ್ಲಿ ಮೂವರು ಮೊದಲ ತಂಡವಾಗಿ ತೇರ್ಗಡೆ ಹೊಂದಿದರು. ಇಂದು ಆ ದೇಶದಲ್ಲಿ ಇಂಥ ಶಿಕ್ಷಣ ಕೊಡುವ ಮುನ್ನೂರಕ್ಕೂ ಮಿಕ್ಕಿ ಕೇಂದ್ರಗಳಿವೆ.

ರೋಗಿಯ ವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು, ದೇಹ ಪರೀಕ್ಷೆ ಮಾಡುವುದು, ಗಾಯ ಹೊಲಿಯುವುದು, ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ವೈದ್ಯನಿಗೆ ನೆರವಾಗುವುದು, ಚೇತರಿಸಿಕೊಳ್ಳುತ್ತಿರುವ ರೋಗಿಯನ್ನು ನೋಡಿಕೊಳ್ಳುವುದು ಇವೇ ಅವರ ಮುಖ್ಯ ಕೆಲಸಗಳು. ನಮ್ಮ ಹಿರಿಯರು ಕಂಡ ಕಂಪೌಂಡರನಿಗೂ ಇವರಿಗೂ ಅಂತರವುಂಟು. ಕಂಪೌಂಡರನು ವೈದ್ಯನು ಬರೆದ ಔಷಧವನ್ನು ಕಲಸಿ ಕೊಡುವವನು. ವೈದ್ಯ ಸಹಾಯಕನು ರೋಗಿಯನ್ನೇ ಪರೀಕ್ಷಿಸುವವನು. ಆದುದರಿಂದಲೇ ಅವನ ಕಲಿಕೆ ಕಠಿಣವಾಗಿರಬೇಕು.

ಅಮೆರಿಕದಲ್ಲಿ ಅರ್ಜಿಯ ಕ್ರಮ

ಆ ದೇಶದಲ್ಲಿ ಇದು ಪದವಿಯ ನಂತರದ ಶಿಕ್ಷಣ. ಸಾಮಾನ್ಯವಾಗಿ ಸುಮಾರು 27 ತಿಂಗಳು ನಡೆಯುತ್ತದೆ. ನಮಗೆ ಆಶ್ಚರ್ಯವಾಗುವ ಸಂಗತಿ ಒಂದಿದೆ. ಅನೇಕ ಕೇಂದ್ರಗಳಲ್ಲಿ ಅರ್ಜಿದಾರನ ಪದವಿ ಯಾವ ವಿಷಯದ್ದಾದರೂ ಆಗಬಹುದು. ಇತಿಹಾಸ ಓದಿದವನೂ ಅರ್ಜಿ ಹಾಕಬಹುದು. ಆದರೆ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರ, ರಸಾಯನ ಶಾಸ್ತ್ರ, ಸಂಖ್ಯಾಶಾಸ್ತ್ರ ಮೊದಲಾದ ನಿಯಮಿತ ವಿಷಯಗಳನ್ನು ಕಾಲೇಜಿನಲ್ಲಿ ಪ್ರತ್ಯೇಕವಾಗಿ ಓದಿ ತೇರ್ಗಡೆಯಾಗಿರಬೇಕು. ಇದು ಮೊದಲನೆಯ ಷರತ್ತು.

ಎರಡನೆಯದು ರೋಗಿಗಳೊಡನೆ ಕಳೆದ ಗಂಟೆಗಳ ಲೆಕ್ಕ. ಕೆಲವೆಡೆ 500, ಕೆಲವೆಡೆ 1,000, ಇನ್ನು ಕೆಲವೆಡೆ ಅದಕ್ಕೂ ಹೆಚ್ಚು ಗಂಟೆ ಕೇಳುವರು. ಮೂರನೆಯದು ಅರ್ಜಿದಾರನನ್ನು ಬಲ್ಲವರ ಶಿಫಾರಸು ಪತ್ರಗಳು. ನಾಲ್ಕನೆಯದು, ತಾನು ಈ ಉದ್ಯೋಗವನ್ನು ಏಕೆ ಬಯಸುತ್ತೇನೆಂದು 5,000 ಅಕ್ಷರ ಮೀರದಂತೆ ಬರೆಯುವ ಹೇಳಿಕೆ. ಕೊನೆಯದು ಸಂದರ್ಶನ. ಶಿಕ್ಷಣ ಮುಗಿದ ಮೇಲೂ 300 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆಯೊಂದು ಕಾದಿರುತ್ತದೆ.

ಇದರ ತಿರುಳನ್ನು ಗಮನಿಸಬೇಕು. ಹದಿನಾರನೆಯ ವಯಸ್ಸಿನಲ್ಲಿ ಯಾವ ವಿಭಾಗ ಹಿಡಿದೆ ಎಂದು ಆ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಈಗ ಏನು ಬಲ್ಲೆ, ರೋಗಿಯ ಬಳಿ ಎಷ್ಟು ಹೊತ್ತು ಇದ್ದೆ ಎಂದು ಕೇಳುವರು. ಹಾಗೆಂದು ಅದು ಬಡವರಿಗೆ ಸುಲಭವೆಂದು ಭ್ರಮಿಸಬಾರದು. ಅಲ್ಲಿಯ ಶುಲ್ಕವನ್ನು ನಮ್ಮ ರೂಪಾಯಿಯಲ್ಲಿ ಎಣಿಸಿದರೆ ಹತ್ತಾರು ಲಕ್ಷ ಆಗುವುದು.

ನಮ್ಮ ದೇಶದ ಸ್ಥಿತಿ

ವೈದ್ಯನಿಗಿಂತ ಕಡಿಮೆ ಅವಧಿ ಓದಿ ಚಿಕಿತ್ಸೆ ಮಾಡುವ ವರ್ಗವು ನಮ್ಮಲ್ಲಿಯೂ ಹಿಂದೆ ಇದ್ದಿತು. ಅವರೇ ಎಲ್.ಎಂ.ಪಿ. ಎಂದು ಹೆಸರಾದ ಲೈಸೆನ್ಷಿಯೇಟ್ ವೈದ್ಯರು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯು ಆ ಶಿಕ್ಷಣವನ್ನು ನಿಲ್ಲಿಸಿ, ಎಲ್ಲ ವೈದ್ಯರಿಗೂ ಒಂದೇ ಮಟ್ಟದ ಪದವಿ ಇರಬೇಕೆಂದಿತು. ಸಮಿತಿಯ ಕೆಲವು ಸದಸ್ಯರು ಇದನ್ನು ಒಪ್ಪಲಿಲ್ಲ. ಹಳ್ಳಿಗಳಿಗೆ ವೈದ್ಯರೇ ಸಿಗದಂತಾದೀತೆಂಬುದು ಅವರ ಆತಂಕ. ಬಹುಮತದ ಮಾತೇ ನಡೆಯಿತು. ಬಡವನಿಗೆ ಕೆಳದರ್ಜೆಯ ಚಿಕಿತ್ಸೆ ಸಾಕೆನ್ನುವುದು ನ್ಯಾಯವಲ್ಲವೆಂಬ ವಾದದಲ್ಲಿ ಹುರುಳಿದೆ. ಆದರೆ ಉತ್ತಮ ದರ್ಜೆಯ ವೈದ್ಯನು ಹಳ್ಳಿಗೆ ಬಾರದಿದ್ದಾಗ ಬಡವನಿಗೆ ದೊರೆಯುವುದೇನು? ನಮ್ಮ ಊರುಗಳಲ್ಲಿ ಜ್ವರ ಬಂದವರು ಮೊದಲು ಸೂಜಿ ಮಾಡಿಸಿಕೊಳ್ಳಲು ಯಾರ ಬಳಿ ಹೋಗುವರೆಂಬುದು ಓದುಗರಿಗೆ ತಿಳಿದೇ ಇದೆ. ಅವರಲ್ಲಿ ಎಷ್ಟೋ ಮಂದಿ ಯಾವ ವಿದ್ಯೆಯನ್ನೂ ಕ್ರಮವಾಗಿ ಕಲಿತವರಲ್ಲ.

ಈಚೆಗೆ ಈ ನಡುವಣ ಮೆಟ್ಟಿಲನ್ನು ಮತ್ತೆ ಕಟ್ಟುವ ಪ್ರಯತ್ನಗಳು ನಡೆದಿವೆ. ಛತ್ತೀಸಗಡವು 2001ರಲ್ಲಿ ಮೂರು ವರ್ಷದ ಶಿಕ್ಷಣವನ್ನು ಆರಂಭಿಸಿತು. ಅಸ್ಸಾಮು 2004ರಲ್ಲಿ ಇಂಥದೇ ಒಂದು ಕಾನೂನು ಮಾಡಿತು. ಆ ಕಾನೂನು ನಿಲ್ಲದೆಂದು 2014ರಲ್ಲಿ ಗುವಾಹಟಿ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ನೆಲೆ ಭದ್ರವಿಲ್ಲದಿದ್ದರೆ ಕಲಿತವರ ಬಾಳು ಅತಂತ್ರವಾಗುವುದೆಂಬುದಕ್ಕೆ ಇದು ನಿದರ್ಶನ.

ವೈದ್ಯ ಸಹಾಯಕ ಶಿಕ್ಷಣವು ಭಾರತದಲ್ಲಿ 1992ರಲ್ಲಿ ಚೆನ್ನೈನ ಮದರಾಸು ಮೆಡಿಕಲ್ ಮಿಷನ್ನಿನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಅವರ ಪ್ರಯತ್ನದಿಂದ ಮೊದಲಾಯಿತು. 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾನೂನು ಈ ವೃತ್ತಿಯ ಹೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಆ ಕಾನೂನಿನಂತೆ ಆರೋಗ್ಯ ಸೇವಾ ವೃತ್ತಿಯವನ ಪದವಿ ಶಿಕ್ಷಣವು 3,600 ಗಂಟೆಗಳಿಗೆ ಕಡಿಮೆಯಿರಬಾರದು. ದಿನಕ್ಕೆ 6 ಗಂಟೆಯಂತೆ ಎಣಿಸಿದರೆ ಪೂರಾ 600 ದಿನಗಳ ಕಲಿಕೆ.

ಆದರೆ ನಮ್ಮಲ್ಲಿ ಇದು ಸಾಮಾನ್ಯವಾಗಿ ಪಿ.ಯು.ಸಿ.ಯ ನಂತರದ ಬಿ.ಎಸ್ಸಿ. ಶಿಕ್ಷಣ. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ನಮ್ಮ ಬಿ.ಎ. ಪದವಿಯಿಂದ ಆ ಕೊರತೆ ತುಂಬುವುದಿಲ್ಲ. ಅಲ್ಲಿ ಪದವಿಯ ನಂತರ ತೆರೆಯುವ ಬಾಗಿಲು ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿದ ಬೇಸಗೆಯಲ್ಲಿಯೇ ಮುಚ್ಚಿಹೋಗುವುದು. ಮುಚ್ಚಿತೆಂಬ ಸುಳಿವು ಕೂಡ ನಮ್ಮಲ್ಲಿ ಬಹುಮಂದಿಗೆ ಆಗ ತಿಳಿದಿರುವುದಿಲ್ಲ.

ಕಲಾ ವಿದ್ಯಾರ್ಥಿಗೆ ಉಳಿದ ದಾರಿಗಳು

ಆದರೂ ನಿರಾಶರಾಗಬೇಕಾಗಿಲ್ಲ. ನಾನು ವಿಚಾರಿಸಿ ತಿಳಿದ ಮಟ್ಟಿಗೆ ಮೂರು ದಾರಿಗಳಿವೆ.

ಒಂದು, ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಎಂ.ಎಸ್.ಡಬ್ಲ್ಯು. ಓದುವಾಗ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ಆರಿಸಿಕೊಂಡವರು ಆಸ್ಪತ್ರೆಗಳಲ್ಲಿ ರೋಗಿಗೂ ಮನೆಯವರಿಗೂ ವೈದ್ಯರಿಗೂ ನಡುವೆ ನಿಂತು ಕೆಲಸ ಮಾಡುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದೇ ದಾರಿಯಲ್ಲಿ ಮುಂದೆ ಓದಲು ಅವಕಾಶವುಂಟು. ಎರಡು, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಕೆಲವು ಸಂಸ್ಥೆಗಳು ಇದಕ್ಕೆ ಕಲಾ ಪದವೀಧರರನ್ನೂ ಸೇರಿಸಿಕೊಳ್ಳುವುವು. ರೋಗ ಏಕೆ ಹರಡುತ್ತದೆ, ಯಾರಿಗೆ ಹೆಚ್ಚು ಬರುತ್ತದೆ ಎಂಬ ವಿಚಾರದಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೂ ಹೇಳಲು ಮಾತಿದೆ.

ಮೂರನೆಯದು ಜಿ.ಎನ್.ಎಂ. ಎಂಬ ಶುಶ್ರೂಷಾ ಡಿಪ್ಲೊಮಾ. ರೋಗಿಯನ್ನು ಕೈಮುಟ್ಟಿ ಸೇವೆ ಮಾಡಬೇಕೆನ್ನುವವರಿಗೆ ಇದೇ ಸರಿಯಾದ ದಾರಿ. ಇದಕ್ಕೆ ಕಲಾ ವಿಭಾಗದ ಪಿ.ಯು.ಸಿ.ಯೂ ಸಲ್ಲುವುದು, ಇಂಗ್ಲಿಷಿನಲ್ಲಿ ಮತ್ತು ಒಟ್ಟು ಅಂಕಗಳಲ್ಲಿ ನೂರಕ್ಕೆ 40 ಬಂದಿರಬೇಕು, ವಯಸ್ಸು 17ರಿಂದ 35ರ ಒಳಗಿರಬೇಕು. ಗಂಡಸರೂ ಸೇರಬಹುದು. ಅವಧಿ ಮೂರು ವರ್ಷ. ಬಳಿಕ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಓದಿದರೆ ಪದವಿಯೂ ಕೈಗೆ ಬರುವುದು. 2018ರಲ್ಲಿ ಕೇಂದ್ರ ಸರಕಾರವು ಉಪಕೇಂದ್ರಗಳನ್ನು ಆರೋಗ್ಯ ಕ್ಷೇಮ ಕೇಂದ್ರಗಳನ್ನಾಗಿ ಮಾಡುವ ಯೋಜನೆ ತಂದಾಗ, ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆಯನ್ನು ನಿರ್ಮಿಸಿತು. ವಿಶೇಷ ತರಬೇತಿ ಪಡೆದ ಶುಶ್ರೂಷಕರು ಅಲ್ಲಿ ಕುಳಿತು ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೊದಲಾದುವನ್ನು ಪರೀಕ್ಷಿಸಿ, ಬೇಕಾದವರನ್ನು ವೈದ್ಯರ ಬಳಿಗೆ ಕಳುಹಿಸುವರು. ಬಯಲುನಾಡಿನಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ಸರಕಾರದ ಲೆಕ್ಕ. ಐದು ಸಾವಿರ ಜನ ಮೊದಲು ಕಾಣುವ ಮುಖ ವೈದ್ಯನದಲ್ಲ, ಇವರದು. ಹೆಸರು ಬೇರೆಯಾದರೂ ವೈದ್ಯ ಸಹಾಯಕನ ಕೆಲಸಕ್ಕೆ ನಮ್ಮ ಹಳ್ಳಿಗಳಲ್ಲಿ ಅತ್ಯಂತ ಹತ್ತಿರವಾದುದು ಇದೇ ಎಂದು ನನ್ನ ಅಭಿಪ್ರಾಯ.

ಅರ್ಜಿ ಹಾಕುವ ಮುನ್ನ

ಯಾವ ದಾರಿ ಹಿಡಿದರೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಶಿಕ್ಷಣಕ್ಕೆ ಮನ್ನಣೆ ಕೊಡುವ ಮಂಡಲಿ ಯಾವುದು? ಪ್ರವೇಶಕ್ಕೆ ನನ್ನ ವಿಷಯಗಳು ಸಲ್ಲುವುವೆ? ಪುಸ್ತಕದ ಓದು ಎಷ್ಟು, ಆಸ್ಪತ್ರೆಯಲ್ಲಿ ಕೈಕೆಲಸ ಎಷ್ಟು? ಓದಿದ ಮೇಲೆ ನಾನು ಏನು ಮಾಡಬಹುದು, ಏನು ಮಾಡಕೂಡದು? ಕೊನೆಯ ಪ್ರಶ್ನೆ ಚಿಕ್ಕದಲ್ಲ. ಇಂಗ್ಲೆಂಡಿನಲ್ಲಿ ಇವರನ್ನು ಫಿಜಿಷಿಯನ್ ಅಸೋಸಿಯೇಟ್ ಎಂದು ಕರೆದುದರಿಂದ ರೋಗಿಗಳು ವೈದ್ಯರೆಂದೇ ತಿಳಿಯುವರೆಂಬ ದೂರು ಎದ್ದಿತು. 2025ರಲ್ಲಿ ಪ್ರೊಫೆಸರ್ ಜಿಲಿಯನ್ ಲೆಂಗ್ ಅವರ ವರದಿಯು ‘ಸಹಾಯಕ’ ಎಂಬ ಹೆಸರೇ ಇರಲೆಂದು ಸಲಹೆ ಮಾಡಿತು. ತನ್ನ ವಿದ್ಯೆಯ ಮೇರೆಯನ್ನು ಅರಿತಿರುವುದೂ ವಿದ್ಯೆಯ ಒಂದು ಭಾಗವೇ.

ಕಾಗದಪತ್ರಗಳ ವಿಚಾರ ಇನ್ನೊಂದು. ಸಂವಿಧಾನದ 371(ಜೆ) ವಿಧಿಯಂತೆ ನಮ್ಮ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯುಂಟು. ಅದರ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರಿಂದ ಪಡೆಯಬೇಕು. ಲಿಂಗಸುಗೂರಿನಲ್ಲಿ ಆ ಕಚೇರಿಯಿದೆ. ಪ್ರವೇಶದ ಪ್ರಕಟಣೆ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಪಡೆದಿಟ್ಟುಕೊಳ್ಳುವುದು ಲೇಸು. ‘ಸೇವೆ ಮಾಡುವ ಆಸೆ’ ಎಂದಷ್ಟೇ ಅರ್ಜಿಯಲ್ಲಿ ಬರೆದರೆ ಸಾಲದು. ಯಾರ ಸೇವೆ ಮಾಡಿದೆ, ಎಷ್ಟು ದಿನ, ಅದರಿಂದ ಏನು ಕಲಿತೆ ಎಂದು ಬರೆಯಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡವರೂ, ಎನ್.ಎಸ್.ಎಸ್. ಶಿಬಿರದಲ್ಲಿ ರಕ್ತದಾನಕ್ಕೆ ದುಡಿದವರೂ ನಮ್ಮಲ್ಲಿ ಎಷ್ಟಿಲ್ಲ!

ನನ್ನ ಮಟ್ಟಿಗೆ ನಾನು ಜಿ.ಎನ್.ಎಂ.ಗೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದ್ದೇನೆ. ಮನೆಯಲ್ಲಿ ತಿಳಿಸಿದಾಗ ಅಪ್ಪ, “ಪದವಿ ಮುಗೀತಂದ್ರ ಓದು ಮುಗೀತು ಅಂತ ತಿಳಿದಿದ್ದೆ. ಇನ್ನಾ ಮೂರು ವರ್ಷ ಬೇಕೇನವ್ವಾ?” ಎಂದು ಕೇಳಿದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೂರು ವರ್ಷದ ಕೂಲಿಯ ಲೆಕ್ಕವಿತ್ತು. ಇಪ್ಪತ್ತಮೂರಕ್ಕೆ ಡಿಪ್ಲೊಮಾ, ಇಪ್ಪತ್ತೈದಕ್ಕೆ ಪದವಿ ಎಂದು ನಾನೂ ಲೆಕ್ಕ ಹೇಳಿದೆ. ಎರಡು ಲೆಕ್ಕಗಳೂ ಸರಿಯಾದುವೇ. ಬಿ.ಎ. ಓದಿದ ಮೂರು ವರ್ಷ ವ್ಯರ್ಥವಾಯಿತೆ ಎಂದು ಕೆಲವರು ಕೇಳುವರು. ನನಗೆ ಹಾಗೆನಿಸುವುದಿಲ್ಲ. ಜನ ಏಕೆ ಬಡವರಾಗಿದ್ದಾರೆ, ಏಕೆ ತಡವಾಗಿ ದವಾಖಾನೆಗೆ ಬರುತ್ತಾರೆ ಎಂಬುದನ್ನು ಈ ತರಗತಿಗಳಲ್ಲಿಯೇ ನಾನು ಕಲಿತುದು.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ತೊಡಗಿದ ಧರಣಿ ಸಾವಿರ ದಿನಗಳನ್ನು ದಾಟಿತು. ದೊಡ್ಡ ಆಸ್ಪತ್ರೆ ಬರಲಿ. ಆದರೆ ಅದರೊಳಗೆ ದುಡಿಯುವ ಕೈಗಳು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಳ್ಳಿಗಳಿಂದಲೂ ಹೋಗಬೇಕಾದರೆ ಈಗಿನಿಂದಲೇ ಸಿದ್ಧತೆ ಬೇಕು. ಗುರುಗಳಲ್ಲಿ ನನ್ನದೊಂದು ವಿನಂತಿ: ವರ್ಷಕ್ಕೊಂದು ದಿನ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಸುತ್ತಲಿನ ಪ್ರೌಢಶಾಲೆಗಳಿಗೆ ಹೋಗಿ, ಯಾವ ವಿಭಾಗ ಹಿಡಿದರೆ ಯಾವ ಬಾಗಿಲು ತೆರೆಯುವುದು, ಯಾವುದು ಮುಚ್ಚುವುದು ಎಂದು ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಿ ಬರುವಂತಾಗಲಿ. ಅರ್ಧ ದಿನದ ಕೆಲಸವಿದು. ಒಬ್ಬಳು ಹುಡುಗಿಗೆ ಅದರಿಂದ ಐದು ವರ್ಷ ಉಳಿದೀತು.